ಕೈಪಿಡಿಯ ಹನ್ನೊಂದನೇ ಪುಟ

ಗಿಳಿ ಅಳುವುದಕ್ಕೆ ಮುಂಚೆ ಒಂದು ಸಲ ಕೆಮ್ಮುತ್ತಿದ್ದ. ಅಳು ಅವನದಲ್ಲ, ಇಸ್ತ್ರಿ ಅಕ್ಕನದು, ಕೆಮ್ಮೂ ಅವಳದೇ. ಎರಡನ್ನೂ ಎರವಲು ತಂದು ಹದಿನೈದು ವರ್ಷವಾಗಿತ್ತು. ಹಿಂದಿರುಗಿಸುವ ಯೋಚನೆ ಅವನಿಗೆ ಒಮ್ಮೆಯೂ ಬಂದಿರಲಿಲ್ಲ.

"ಅಯ್ಯಯ್ಯಪ್ಪೋ! ನಾನು ಅದನ್ನ ರದ್ದಿ ಅಂದ್ಕೊಂಡೆ ಕಣ್ರಪ್ಪಾ! ನಲವತ್ತು ಮನೆ ನೋಟೀಸಲ್ಲಿ ನಲವತ್ತು ಮನೆ ಬಟ್ಟೆ ಸುತ್ತಿ ಕೊಟ್ಬಿಟ್ಟೆ!" ಎಂದು ಎರಡೂ ಅಂಗೈಯಲ್ಲಿ ಕೆನ್ನೆ ಹಿಡಿದು, ಕುತ್ತಿಗೆ ವಾರೆ ಮಾಡಿ, ಇಲ್ಲದ ಸೆರಗಿನಿಂದ ಇಲ್ಲದ ಕಣ್ಣೀರು ಒರೆಸುತ್ತಿದ್ದ. ನೋಡಲು ಬಂದ ದಾನಿಗಳು ಮೊದಲು ನಗುತ್ತಿದ್ದರು, ನಕ್ಕಿದ್ದಕ್ಕೆ ನಾಚಿ ಆಮೇಲೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಗು ಮತ್ತು ಕಣ್ಣೀರಿನ ನಡುವಿನ ಆ ಅರ್ಧ ನಿಮಿಷದಲ್ಲಿ ಸಂಸ್ಥೆಗೆ ಏನು ಬೇಕೋ ಅದನ್ನು ಕೇಳಬೇಕು. ಗಿಳಿ ಆ ಅರ್ಧ ನಿಮಿಷದ ಗಡಿಯಾರವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ.

ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಹಿತ್ತಾಳೆಯ ಫಲಕವೊಂದಿತ್ತು: ಯಾರ ಕಷ್ಟವೋ ಅವರದೇ ಬಾಯಿ. ಅದಕ್ಕೆ ಬೆನ್ನು ತೋರಿಸಿಯೇ ಅವನು ನಿಲ್ಲುತ್ತಿದ್ದ. ಅಲ್ಲಿ ಬೆಳಕು ಚೆನ್ನಾಗಿತ್ತು.

ಬಾಗಿಲ ಮೇಲೆ 'ನಿರ್ದೇಶಕರು' ಎಂದು ಬರೆದಿದ್ದರೂ ಓಣಿಗೆ ಅವನು ಗಿಳಿಯೇ. ಆರು ವರ್ಷದವನಿದ್ದಾಗ ಹಾಲಿನವನ ದನಿಯಲ್ಲಿ ಕೂಗಿ, ಅರ್ಧ ಓಣಿಯ ಹೆಂಗಸರನ್ನು ಪಾತ್ರೆ ಹಿಡಿದು ಹೊರಗೆ ಬರಿಸಿದ್ದಕ್ಕೆ ಸಿಕ್ಕ ಬಿರುದು ಅದು. ಓಣಿಯಲ್ಲಿ ಕಾಲೇಜು ಮುಗಿಸಿದ ಮೊದಲಿಗ. "ನನ್ನ ಮಗ ಪದವಿ ತಗೊಂಡ್ರೂ ಪಂಜರ ಬಿಡಲಿಲ್ಲ" ಎಂದು ಅವನ ತಾಯಿಯೇ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳುವ ಕಲೆ ಅವನಿಗೆ ಬಂದದ್ದೂ ಆ ಕಡೆಯಿಂದಲೇ.

ಸಂಸ್ಥೆ ಹುಟ್ಟಿದ ಕತೆ ಇಷ್ಟು. ಓಣಿ ಇರುವುದು ತಗ್ಗಿನಲ್ಲಿ, ಬಸ್ಸು ನಿಲ್ಲುವುದು ದಿಣ್ಣೆಯ ಮೇಲೆ. ನಡುವೆ ಅರವತ್ತೆರಡು ಕಲ್ಲಿನ ಮೆಟ್ಟಿಲು. ಹಿಡಿದುಕೊಳ್ಳಲು ಒಂದು ಕಂಬಿಯೂ ಇರಲಿಲ್ಲ. ಮೆಟ್ಟಿಲು ಸರಿಪಡಿಸಿ ಕಂಬಿ ಹಾಕಲು ನಗರದ ಕಚೇರಿ ಒಪ್ಪಿತ್ತು. ಆಮೇಲೆ ಯಾರಿಗೋ ಮನಸ್ಸು ಬದಲಾಗಿ, ಆ ಕೆಲಸವನ್ನು ಬೇರೆ ಕಡೆಗೆ ಸಾಗಿಸಲಾಗುವುದು, ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಬರೆದುಕೊಡಬೇಕು ಎಂದು ನೋಟೀಸು ಹೊರಡಿಸಿತು. ಕಚೇರಿಯ ಜವಾನ ಅರವತ್ತೆರಡು ಮೆಟ್ಟಿಲು ಇಳಿದ ಸುಸ್ತಿನಲ್ಲಿ ಮನೆಮನೆಗೆ ಹೋಗದೆ, ಎಲ್ಲರೂ ಬಂದು ಹೋಗುವ ಇಸ್ತ್ರಿ ಅಂಗಡಿಯ ಮೇಜಿನ ಮೇಲೆ ನಲವತ್ತು ಪ್ರತಿಗಳ ಕಟ್ಟು ಇಟ್ಟು ಹೊರಟುಹೋದ. ಅಂಗಡಿಯ ಅಕ್ಕ ನೀರು ತರಲು ಹೋಗಿದ್ದಳು. ಬಂದು ನೋಡಿದರೆ ದಪ್ಪ ಒಳ್ಳೆಯ ಕಾಗದ, ಒಂದು ಮಗ್ಗುಲು ಖಾಲಿ. ಗುಮಾಸ್ತರು ಹೀಗೆ ರದ್ದಿ ತಂದು ಇಡುವುದಿತ್ತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಖಾಲಿ ಮಗ್ಗುಲು ಹೊರಗೆ ಬರುವಂತೆ ಮಡಿಸಿ, ವಾರವಿಡೀ ಬಟ್ಟೆ ಸುತ್ತಿ ಕೊಟ್ಟಳು.

ಹದಿನೈದು ದಿನ ಕಳೆಯಿತು. ಹದಿನೇಳನೆಯ ದಿನ ಗಿಳಿಯ ತಾಯಿ ಮೂವತ್ತೊಂಬತ್ತನೆಯ ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡಳು.

ಓಣಿಯವರು ಗುಂಪಾಗಿ ಕಚೇರಿಗೆ ಹೋದರು. "ನೋಟೀಸು ಕೊಟ್ಟಿದ್ವಲ್ರೀ, ಇಸ್ತ್ರಿ ಅಂಗಡೀಲಿ ನಲವತ್ತು ಪ್ರತಿ" ಎಂದ ಗುಮಾಸ್ತ. ಆ ಭಾನುವಾರ ಬೆಳಿಗ್ಗೆ ಹನ್ನೆರಡು ಜನ ಇಸ್ತ್ರಿ ಅಂಗಡಿಯಲ್ಲೇ ಸೇರಿದರು. ಅಕ್ಕ ಮೇಜಿನ ಅಂಚಿಗೆ ಕೈ ಊರಿ ನಿಂತಳು. ಒಂದು ಸಲ ಕೆಮ್ಮಿದಳು.

"ತಪ್ಪು ನಂದು. ಓದೋಕೆ ಬರಲ್ಲ ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಗಿ ಯಾರ ಹತ್ರನೂ ಕೇಳ್ಲಿಲ್ಲ. ಈ ಮಾತು ಈ ಮೇಜು ಬಿಟ್ಟು ಆಚೆ ಹೋಗೋದು ಬೇಡ."

ಅಷ್ಟೇ. ಅಳಲಿಲ್ಲ.

ಆಗ ಗಿಳಿ ಬಾಯಿ ತೆರೆದ. ತೆರೆಯಲು ಕಾರಣವಿತ್ತು. ಗಡುವು ಇನ್ನೂ ಇದ್ದಾಗಲೇ, ಇಸ್ತ್ರಿಯಾದ ತನ್ನ ಅಂಗಿಯ ಪೊಟ್ಟಣ ಬಿಚ್ಚಿದಾಗ ಆ ನೋಟೀಸು ಅವನ ಕೈಗೆ ಬಂದಿತ್ತು. ಮೊದಲಿನಿಂದ ಕೊನೆಯವರೆಗೆ ಓದಿದ್ದ. ಓದಿ, ಜೇಬಿಗಿಟ್ಟುಕೊಂಡು, ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಡ್ರೈವರು ಕಂಡಕ್ಟರುಗಳ ಮುಂದೆ ಕಚೇರಿಯ ಸಾಹೇಬರ ಮೂಗಿನ ದನಿಯಲ್ಲಿ "ಈ ಮೂಲಕ ಸಮಸ್ತ ನಿವಾಸಿಗಳ ಅವಗಾಹನೆಗೆ ತರುವುದೇನೆಂದರೆ" ಎಂದು ರಾಗ ಎತ್ತಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿಯುವಷ್ಟರಲ್ಲಿ ಬಸ್ಸುಗಳು ಹೊರಟವು. ಆಕ್ಷೇಪಣೆ ನಾಳೆ ಬರೆದರಾಯಿತು ಎಂದುಕೊಂಡ. ಚೆಲ್ಲಿದ ಟೀಯನ್ನು ಅದೇ ನೋಟೀಸಿನಲ್ಲಿ ಒರೆಸಿ ಎಸೆದ.

ಇದನ್ನು ಹೇಳಲೆಂದೇ ಬಾಯಿ ತೆರೆದದ್ದು. ಆದರೆ ಆ ಬಾಯಿಗೆ ಊರಿನವರ ದನಿಯೆಲ್ಲ ರೂಢಿಯಾಗಿತ್ತೇ ಹೊರತು ತನ್ನದು ಆಗಿರಲಿಲ್ಲ. ಹೊರಬಂದದ್ದು ಗುಮಾಸ್ತನ ದನಿ: "ನೋಟೀಸು ಕೊಟ್ಟಿದ್ವಲ್ರೀ!" ಹನ್ನೆರಡು ಜನರೂ ನಕ್ಕರು. ಅಕ್ಕ ನಗಲಿಲ್ಲ.

"ಸಾಕು ಮಾಡು ಗಿಳಿ. ಇಲ್ಲಿ ಒಬ್ಬರ ಮಾತು ಇನ್ನೊಬ್ಬರು ಆಡೋದು ಬೇಡ. ಯಾರ ಕಷ್ಟವೋ ಅವರದೇ ಬಾಯಿ."

ಅದೇ ಸಂಸ್ಥೆಯ ಮೊದಲ ನಿಯಮವಾಯಿತು. ಹೇಳಿಸಿಕೊಂಡವನೇ ಕಾರ್ಯದರ್ಶಿಯಾದ, ಮೇಜಿನ ಸುತ್ತ ಇದ್ದವರಲ್ಲಿ ಬರೆಯಲು ಬರುತ್ತಿದ್ದವನು ಅವನೊಬ್ಬನೇ ಆದ್ದರಿಂದ.

ಕೊಳಾಯಿ ಕೆಲಸದ ಮಾವ ಹಳೆಯ ಪೈಪು ಕೂಡಿಹಾಕಿದ, ಬೆಸುಗೆಯವನು ಬೆಸೆದ, ಉಳಿದವರು ಗುಂಡಿ ತೋಡಿದರು. ಮೂರು ಭಾನುವಾರದಲ್ಲಿ ಅರವತ್ತೆರಡು ಮೆಟ್ಟಿಲಿಗೂ ಕಂಬಿ ಬಂತು. ಸಂಸ್ಥೆಗೆ 'ಕೈಪಿಡಿ' ಎಂದು ಹೆಸರಿಟ್ಟದ್ದು ಗಿಳಿ. "ಹತ್ತೋವಾಗ ಹಿಡ್ಕೊಳ್ಳೋಕೂ ಆಯ್ತು, ಮುಂದೆ ಪುಸ್ತಕ ಮಾಡಿದ್ರೆ ಓದೋಕೂ ಆಯ್ತು" ಎಂದಿದ್ದ. ಮುಂದೆ ಪುಸ್ತಕಗಳೇ ಜಾಸ್ತಿಯಾದವು.

ಕಂಬಿಯಾದ ಮೇಲೆ ನಲ್ಲಿ, ನಲ್ಲಿಯಾದ ಮೇಲೆ ಮಕ್ಕಳು ಓದುವ ಕೋಣೆ, ಆಮೇಲೆ ವಾರಕ್ಕೆರಡು ದಿನ ನರ್ಸು. ಪಕ್ಕದ ಓಣಿಯವರು ಬಂದು "ನಮಗೂ" ಎಂದರು. ಒಂದು ಓಣಿ ಹನ್ನೊಂದಾಯಿತು. ಇಸ್ತ್ರಿ ಅಂಗಡಿ ಸಾಲದೆ ಬಾಡಿಗೆಯ ಕೋಣೆ, ಕೋಣೆ ಸಾಲದೆ ಮೂರು ಮಹಡಿಯ ಕಟ್ಟಡ. ಜೊತೆಗೆ ಮಾತೂ ಬೆಳೆಯಿತು. ಮೊದಲು 'ನಾವು' ಎನ್ನುತ್ತಿದ್ದರು. ಆಮೇಲೆ 'ಜನ' ಎಂದರು, ಆಮೇಲೆ 'ಫಲಾನುಭವಿಗಳು'. ಹರಟೆಗೆ ಸಭೆ ಎಂದು ಹೆಸರಾಯಿತು, ಸಭೆಗೆ ಕಾರ್ಯಾಗಾರ ಎಂದಾಯಿತು. ಕಾರ್ಯ ಎಲ್ಲಿಗೆ ಹೋಯಿತು, ಆಗಾರವಷ್ಟೇ ಉಳಿಯಿತಲ್ಲ ಎಂದು ಗಿಳಿಯೇ ನಗೆಯಾಡುತ್ತಿದ್ದ. ಈ ವರ್ಷ ಕಟ್ಟಡಕ್ಕೆ ಲಿಫ್ಟೂ ಬಂದಿತ್ತು. ಮೆಟ್ಟಿಲಿನಿಂದ ಹುಟ್ಟಿದ ಸಂಸ್ಥೆಗೆ ಮೆಟ್ಟಿಲು ಹತ್ತುವ ಕಷ್ಟ ತಪ್ಪಿತು.

ಇಷ್ಟರ ನಡುವೆ ಅಕ್ಕನ ಮಾತು ಮೇಜು ಬಿಟ್ಟು ಆಚೆ ಹೋದದ್ದು ಐದನೆಯ ವರ್ಷದಲ್ಲಿ. ದೂರದ ನಗರದಲ್ಲಿ ದಾನಿಗಳ ಸಭೆ. ಗಿಳಿ ತಂದ ಅಂಕಿಅಂಶ ಕೇಳುತ್ತಾ ಎದುರಿನವರು ಆಕಳಿಸುತ್ತಿದ್ದರು. ಹೆದರಿ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡ. ಸಿಕ್ಕಿದ್ದು ಅಕ್ಕ. ಅಳು ಸೇರಿಸಿದ, ಕೆನ್ನೆ ಹಿಡಿಸಿದ, 'ಅಯ್ಯಯ್ಯಪ್ಪೋ' ಹಾಕಿದ. ಆಕಳಿಕೆ ನಿಂತಿತು. ವಾಪಸು ಬರುವಾಗ ಬಸ್ಸಿನಲ್ಲಿ ಆ ಮೇಜು ನೆನಪಾಗಿ ಚುಚ್ಚಿತು. ಆದರೆ ನರ್ಸಿನ ಸಂಬಳಕ್ಕೆ ದಾರಿಯಾಗಿತ್ತು. ಆಮೇಲೆ ಚುಚ್ಚುವುದು ಕಡಿಮೆಯಾಗುತ್ತಾ ಬಂದು ಒಂದು ದಿನ ನಿಂತೇ ಹೋಯಿತು.

ಒಂದು ಮಾತ್ರ ನಿಂತಿರಲಿಲ್ಲ. ಅವನ ತಾಯಿ ಸೊಂಟ ಮುರಿದುಕೊಂಡ ದಿನದಿಂದ ಅಕ್ಕ ಆ ಮನೆಯ ಬಟ್ಟೆಗೆ ಕಾಸು ಮುಟ್ಟುತ್ತಿರಲಿಲ್ಲ. "ನಿನ್ನಮ್ಮನ ಕಾಲು ಎಳೆಯೋದು ಕಂಡಾಗೆಲ್ಲ ನನ್ನ ಕೈ ಎಳೆಯುತ್ತೆ, ಇರಲಿ ಬಿಡು" ಎನ್ನುತ್ತಿದ್ದಳು. ಇಪ್ಪತ್ತು ವರ್ಷ. ಗಿಳಿ ದಾನಿಗಳ ಮುಂದೆ ಅವಳಂತೆ ಅಳುವಾಗ ಮೈಮೇಲೆ ಇರುತ್ತಿದ್ದದ್ದೂ ಅವಳು ಸುಕ್ಕಿಲ್ಲದಂತೆ ಇಸ್ತ್ರಿ ಮಾಡಿಕೊಟ್ಟ ಅಂಗಿಯೇ.

ಇಪ್ಪತ್ತನೆಯ ವರ್ಷಕ್ಕೆಂದು ಸಂಸ್ಥೆ ಒಂದು ಪುಸ್ತಿಕೆ ಅಚ್ಚು ಹಾಕಿಸಿತು. ಹನ್ನೊಂದನೇ ಪುಟದಲ್ಲಿ ಗಿಳಿಯ ಆ ಭಾಷಣವನ್ನು ಮಾತಿಗೆ ಮಾತು ಇಳಿಸಿದ್ದರು. ಹೆಸರಿರಲಿಲ್ಲ, 'ಒಬ್ಬ ಇಸ್ತ್ರಿ ಮಾಡುವ ಹೆಂಗಸು' ಎಂದಿತ್ತು. ಅವನು ಅದನ್ನು ತಿದ್ದಿಯೂ ಇದ್ದ. ಒಂದು 'ಅಯ್ಯಯ್ಯಪ್ಪೋ' ಸಾಲದೆಂದು ಇನ್ನೊಂದು ಸೇರಿಸಿದ್ದ.

ಅದೇ ವರ್ಷ ಅಕ್ಕ ಸಂಸ್ಥೆಯ ಸಂಜೆ ತರಗತಿಗೆ ಸೇರಿದ್ದಳು. ಐವತ್ತೆಂಟರ ವಯಸ್ಸಿನಲ್ಲಿ, ಇಸ್ತ್ರಿಪೆಟ್ಟಿಗೆ ಆರಲು ಇಟ್ಟು ಬಂದು, ಅಕ್ಷರದ ಮೇಲೆ ಬೆರಳು ಊರಿ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಸಮಾರಂಭದಲ್ಲಿ ಅವಳಿಂದ ಪುಸ್ತಿಕೆಯ ಒಂದು ಪುಟ ಓದಿಸಬೇಕು ಎಂಬ ಯೋಚನೆ ಗಿಳಿಯದೇ. ಪ್ರತಿಯನ್ನೂ ಅವನೇ ಕೊಂಡೊಯ್ದು ಕೊಟ್ಟ. "ನಿಂಗಿಷ್ಟ ಬಂದ ಪುಟ ಆರಿಸ್ಕೋ ಅಕ್ಕಾ" ಎಂದ. ಅವನ ತಲೆಯಲ್ಲಿ ಇಬ್ಬರು ಅಕ್ಕಂದಿರಿದ್ದರು: ಓದು ಕಲಿಯುತ್ತಿರುವವಳು ಒಬ್ಬಳು, ಪುಟದಲ್ಲಿ ಅಳುವವಳು ಇನ್ನೊಬ್ಬಳು. ಇಬ್ಬರಿಗೂ ಭೇಟಿಯಾದೀತು ಎಂದು ಅವನಿಗೆ ಹೊಳೆಯಲೇ ಇಲ್ಲ.

ಸಮಾರಂಭದ ಹಿಂದಿನ ದಿನ ಅಂಗಿ ಒಯ್ಯಲು ಅಂಗಡಿಗೆ ಹೋದ.

"ಬಾ ಗಿಳಿ. ಆ ಸ್ಟೂಲ್ ಮೇಲೆ ಕೂರಬೇಡ, ಅದಕ್ಕೆ ಮೂರೇ ಕಾಲು."

"ಯಾವ ಪುಟ ಆಯ್ತಕ್ಕಾ?"

"ಹನ್ನೊಂದು."

ಅಂಗಡಿಯಲ್ಲಿ ಒದ್ದೆ ಬಟ್ಟೆ ಸುಡುವ ಬಿಸಿ ಇತ್ತು. ಗಿಳಿ ಆ ಸ್ಟೂಲಿನ ಮೇಲೇ ಕೂರಲು ಹೋಗಿ, ಮೂರು ಕಾಲು ನೆನಪಾಗಿ ನಿಂತ.

"ಮೂರು ದಿನ ಹಿಡೀತು ಓದೋಕೆ" ಎಂದಳು ಅಕ್ಕ, ಅವನ ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಓಡಿಸುತ್ತಾ. "ಅದರಲ್ಲಿ ಒಬ್ಬಳು ಕೆನ್ನೆ ಹಿಡ್ಕೊಂಡು ಅಳ್ತಾಳೆ. ನಾನು ಅತ್ತಿದ್ನಾ?"

"ಅದು... ಕೇಳೋರ ಮನಸ್ಸಿಗೆ ಮುಟ್ಟಲಿ ಅಂತ ಸ್ವಲ್ಪ..."

"ಮುಟ್ಟಿತಾ?"

"ಹೂಂ."

"ನಂಗೂ ಮುಟ್ಟಿತು."

ತೋಳು ತಿರುಗಿಸಿ ಹಾಕಿದಳು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

"ಗಿಳಿ, ಒಂದು ಕೇಳ್ತೀನಿ. ಓದೋಕೆ ಬಂದ್ಮೇಲೆ ಓದದೇ ಇರೋಕಾಗಲ್ಲ, ಅಲ್ವಾ? ಸೋಪಿನ ಡಬ್ಬಿ, ಬಸ್ಸಿನ ಬೋರ್ಡು, ಅಂಗಿ ಕಾಲರಿನ ಚೀಟಿ, ಎಲ್ಲಾ ಕಣ್ಣು ತಾನೇ ಓದ್ಕೊಂಡು ಹೋಗುತ್ತೆ. ನಿನ್ನೆ ಗೋಡೆ ಮೇಲೆ ಯಾರೋ ಗೀಚಿದ್ದ ಬೈಗುಳ ಪೂರ್ತಿ ಓದ್ಬಿಟ್ಟು ಆಮೇಲೆ ಛೀ ಅಂದೆ."

ಗಿಳಿ ನಗಲು ಹೋದ. ಅಕ್ಕ ಮುಂದುವರಿಸಿದಳು.

"ಆ ಕಾಗದ ನಲವತ್ತು ಮನೆಗೆ ಹೋಯ್ತು. ನಾನೇ ಸುತ್ತಿ ಕಳಿಸಿದ್ದು. ಅಕ್ಷರ ಬರೋರು ನಾಲ್ಕೈದು ಜನ ಆದ್ರೂ ಓಣೀಲಿ ಇದ್ರು. ಒಬ್ಬರ ಕಣ್ಣಿಗೂ ಬೀಳ್ಲಿಲ್ವಾ? ಇಪ್ಪತ್ತು ವರ್ಷ ಇದು ನಂಗೆ ಹೊಳೀಲೇ ಇಲ್ಲ ನೋಡು. ಓದೋಕೆ ಬಂದ್ಮೇಲೆ ಹೊಳೀತು."

"ಕಾಗದ ಅಂದ್ರೆ ನಮ್ಗೆ ಕಿಟಕಿ ಸಂದಿಗೆ ತುರುಕೋಕೆ ಕಣಮ್ಮಾ..." ಎಂದ ಗಿಳಿ, ಕೊಳಾಯಿ ಮಾವನ ಗೊಗ್ಗರು ದನಿಯಲ್ಲಿ.

"ಅದು ಕೊಳಾಯಿಯವನ ದನಿ. ನಿನ್ನ ದನಿಯಲ್ಲಿ ಹೇಳು."

"ಗೊತ್ತಿಲ್ಲಕ್ಕಾ."

ಅಕ್ಕ ಅಂಗಿ ಮಡಿಸಿ ಕೊಟ್ಟಳು. ಅವನು ಅದನ್ನು ಎದೆಗೆ ಒತ್ತಿಕೊಂಡು ಹೊರಬಿದ್ದ. ಬಟ್ಟೆ ಇನ್ನೂ ಸುಡುತ್ತಿತ್ತು.

ನೇರವಾಗಿ ಕಟ್ಟಡಕ್ಕೆ ಹೋದ. ಸಂಜೆ ತರಗತಿಯ ಟೀಚರನ್ನು ಮೂಲೆಗೆ ಕರೆದು, "ಅಕ್ಕನಿಂದ ನಲ್ಲಿ ಬಂದ ಕತೆ ಓದಿಸಿಬಿಡಮ್ಮ, ನಾಲ್ಕನೇ ಪುಟ. ಅಕ್ಷರ ದಪ್ಪಗಿದೆ, ಅವಳಿಗೆ ಸುಲಭ" ಎಂದ.

"ಅವರೇ ಆರಿಸಿದ್ದು ಸರ್. ಬೇಡ ಅನ್ನೋಕೆ ನಾನ್ಯಾರು?" ಎಂದು ಆ ಹುಡುಗಿ ಗೋಡೆಯ ಮೇಲಿನ ಹಿತ್ತಾಳೆ ಫಲಕವನ್ನು ತೋರಿಸಿದಳು. ಗಿಳಿ ಎಷ್ಟೋ ವರ್ಷದ ಮೇಲೆ ಅದನ್ನು ಎದುರಿನಿಂದ ನೋಡಿದ.

ಮರುದಿನ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ದೊಡ್ಡ ಟ್ರಸ್ಟಿನಿಂದ ಬಂದ ಮೇಡಂ, ಪಕ್ಕದಲ್ಲೇ ಊರುಗೋಲು ಹಿಡಿದು ಗಿಳಿಯ ತಾಯಿ. ಹಿಂದೆಲ್ಲ ಓಣಿಯವರು. ಮೇಡಂ ಗಿಳಿಯ ಅಭಿನಯವನ್ನು ಮೂರು ಸಲ ನೋಡಿದ್ದರು. ಅಕ್ಕ ವೇದಿಕೆ ಹತ್ತಿದಾಗ "ಇವರೇನಾ ಅವರು!" ಎಂದು ಅವನತ್ತ ತಿರುಗಿ ಸಂತೋಷಪಟ್ಟರು.

ಅಕ್ಕ ಪುಸ್ತಿಕೆ ತೆರೆದು ಬೆರಳು ಊರಿದಳು. "ಅಯ್... ಅಯ್ಯ... ಅಯ್ಯಯ್ಯಪ್ಪೋ. ಅಯ್ಯಯ್ಯಪ್ಪೋ." ಅಂಗಡಿಯ ಬೋರ್ಡು ಓದಿದ ಹಾಗೆ ಓದಿದಳು. ನಗುವ ಜಾಗ ಬಲ್ಲವರು ನಕ್ಕರು. "ಎಂದು ಆ ಹೆಂಗಸು... ಕೆನ್ನೆ ಹಿಡಿದುಕೊಂಡು... ಗೋಳೋ ಎಂದು ಅತ್ತಳು." ನಗು ಅಲ್ಲೊಂದು ಇಲ್ಲೊಂದು ಆಗಿ ಆರಿತು. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮೇಜಿನ ಸುತ್ತ ಇದ್ದ ಹನ್ನೆರಡು ಜನರಲ್ಲಿ ಏಳು ಮಂದಿ ಅಲ್ಲಿದ್ದರು. ಅವಳು ಅಳಲಿಲ್ಲ ಎಂಬುದನ್ನು ಅವರು ಬಲ್ಲರು. ಆ ಮಾತು ಅಲ್ಲೇ ಉಳಿಯಲಿ ಎಂದಿದ್ದನ್ನೂ ಬಲ್ಲರು.

ಒಂದು ಪುಟ ಓದಲು ಒಂಬತ್ತು ನಿಮಿಷ ಹಿಡಿಯಿತು. ಗಿಳಿ ಬೂಟಿನ ತುದಿ ನೋಡುತ್ತಾ ಕೂತಿದ್ದ. ಒಂದೊಂದು ಅಕ್ಷರವೂ ಒಂದೊಂದು ಮೆಟ್ಟಿಲಿನ ಹಾಗೆ. ಹಿಡಿದುಕೊಳ್ಳಲು ಏನೂ ಇರಲಿಲ್ಲ.

"ಇಲ್ಲಿಗೆ ಪುಟ ಮುಗೀತು" ಎಂದಳು ಅಕ್ಕ. "ಓದಿದ್ದಕ್ಕೆ ನಂದೊಂದು ಪ್ರಶ್ನೆ. ಆ ಕಾಗದ ನಲವತ್ತು ಮನೆಗೆ ಹೋಗಿತ್ತು. ಯಾರಾದ್ರೂ ಓದಿದ್ರಾ? ಬೈಯೋಕಲ್ಲ. ಒಬ್ಬಳೇ ಹೊತ್ತು ಕೈ ಸೋತಿದೆ, ಅದಕ್ಕೆ ಕೇಳ್ತಿದೀನಿ."

ಕೊಳಾಯಿ ಮಾವ ಹಿಂದಿನಿಂದ ಕೂಗಿದ: "ನಮ್ಮನೇದು ಕಿಟಕಿ ಸಂದಿಗೆ ಹೋಯ್ತು ತಾಯೀ! ಈಗ್ಲೂ ಅಲ್ಲೇ ಇರ್ಬೇಕು!" ಜನ ನಕ್ಕರು. ಅಕ್ಕನೂ ನಕ್ಕಳು.

ಗಿಳಿ ಎದ್ದು ನಿಂತ. ಒಂದು ಸಲ ಕೆಮ್ಮಿದ.

ಅಭಿನಯ ಶುರುವಾಯಿತೆಂದು ಯಾರೋ ಚಪ್ಪಾಳೆ ತಟ್ಟಿದರು. ಮೇಡಂ ನಗುಮುಖ ಮಾಡಿ ಮುಂದಕ್ಕೆ ಬಾಗಿದರು.

"ನಾನು ಓದಿದ್ದೆ" ಎಂದ.

ಅದು ಯಾರ ದನಿಯೆಂದು ಯಾರಿಗೂ ಗೊತ್ತಾಗಲಿಲ್ಲ. ತೆಳ್ಳಗೆ, ಒಡೆದು ಬಂತು. ಅವನೂ ಅದನ್ನು ಹೊಸದಾಗಿ ಕೇಳಿದ. ಅಂಗಿಯ ಪೊಟ್ಟಣ ಬಿಚ್ಚಿದ್ದು, ಟೀ ಅಂಗಡಿ, ಸಾಹೇಬರ ಮೂಗು, ಒರೆಸಿದ ಟೀ, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದ. ಸಾಹೇಬರ ಮಾತು ಬಂದಾಗ ಮೂಗು ತಾನಾಗಿಯೇ ಮೇಲೇರಿತು, ಅರ್ಧಕ್ಕೇ ಇಳಿಸಿಕೊಂಡ. ಕತೆ ಹೇಳುವುದೇ ಕಸುಬಾದವನು ಇಷ್ಟು ಕೆಟ್ಟದಾಗಿ ಒಂದು ಕತೆಯನ್ನು ಹೇಳಿದ್ದು ಅದೇ ಮೊದಲು. "ಅವತ್ತು ಮೇಜಿನ ಹತ್ರ ಹೇಳೋಕೆ ಬಾಯಿ ತೆಗೆದಿದ್ದೆ. ಆಮೇಲೆ ತಗೀಲಿಲ್ಲ" ಎಂದು ನಿಲ್ಲಿಸಿದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡರೆ ನಟನೆ ಅಂದಾರೆಂದು ಹಾಗೇ ಬಿಟ್ಟ.

ಮೊದಲು ಮಾತಾಡಿದವಳು ತಾಯಿ. ಊರುಗೋಲು ಒಂದು ಸಲ ನೆಲಕ್ಕೆ ಬಡಿದಳು.

"ಇಪ್ಪತ್ತು ವರ್ಷ ಮೆಟ್ಟಿಲ ಮೇಲೆ ಜಾರಿದೆ ಅಂದ್ಕೊಂಡಿದ್ದೆ. ನಾನು ಜಾರಿದ್ದು ನಿನ್ನ ನಾಲಿಗೆ ಮೇಲೆ."

ಯಾರೂ ನಗಲಿಲ್ಲ. ಆಮೇಲೆ ಅವಳು ಅಕ್ಕನತ್ತ ತಿರುಗಿ, ಗದರುವ ದನಿಯಲ್ಲೇ, "ನೀನ್ಯಾಕಮ್ಮಾ ಅಷ್ಟೆತ್ತರ ನಿಂತಿದೀಯ, ಬಂದು ಇಲ್ಲಿ ಕೂತ್ಕೋ" ಎಂದು ಪಕ್ಕದ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟಳು. ಅದು ಗಿಳಿಯ ಕುರ್ಚಿ.

ಸಮಾರಂಭ ನಡೆಯಿತು. ಲಿಫ್ಟಿನ ರಿಬ್ಬನ್ನು ಮೇಡಂ ಕತ್ತರಿಸಿದರು. ತಿಂಡಿಯ ಪೊಟ್ಟಣ ಹಂಚಿದರು. ಓಣಿಯವರು ಗಿಳಿಯನ್ನು ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ಕೊಳಾಯಿ ಮಾವ ಒಬ್ಬನೇ ಹತ್ತಿರ ಬಂದು, ಒಂದು ಪೊಟ್ಟಣವನ್ನು ಅವನ ಕೈಗೆ ಇಟ್ಟು ಹೋದ. ತಾಯಿ ಮನೆಗೆ ಹೋಗುವಾಗ ಮಗನ ತೋಳು ಹಿಡಿಯಲಿಲ್ಲ. ಕಂಬಿ ಹಿಡಿದುಕೊಂಡು ಇಳಿದಳು.

ಸಂಜೆ ಅಂಗಡಿಯ ಮುಂದೆ ಹೋಗಿ ನಿಂತ. ಅಕ್ಕ ತಲೆ ಎತ್ತಲಿಲ್ಲ.

"ಹನ್ನೊಂದನೇ ಪುಟ ಕಿತ್ತು ಹಾಕ್ಸು" ಎಂದಳು. "ಬೇರೆ ಬರ್ಕೊಂಡು ಬಾ. ನಾನು ಓದಿ ಆದ್ಮೇಲೇ ಅಚ್ಚಿಗೆ ಹೋಗ್ಬೇಕು. ನಿನ್ನ ಬಟ್ಟೆ ಇನ್ನು ಇಲ್ಲಿಗೆ ತರ್ಬೇಡ. ನಿನ್ನಮ್ಮಂದು ತಾ."

ನಾಲ್ಕು ದಿನ ಬರೆದ. ಹರಿದು ಹರಿದು ಬರೆದ. ಐದನೆಯ ದಿನ ಬೆಳಿಗ್ಗೆ, ತಾನೇ ಇಸ್ತ್ರಿ ಮಾಡಲು ಹೋಗಿ ಜೇಬಿನ ಹತ್ತಿರ ಕಂದು ಕಲೆ ಮಾಡಿಕೊಂಡ ಅಂಗಿ ತೊಟ್ಟು, ಎರಡು ಹಾಳೆ ಹಿಡಿದು ಬಂದ. ಅಕ್ಕ ಕಲೆಯನ್ನು ನೋಡಿದಳು. ಪೆಟ್ಟಿಗೆ ಎತ್ತಿ ಬದಿಗಿಟ್ಟು ಹಾಳೆಯನ್ನು ಮೇಜಿನ ಮೇಲೆ ಹರಡಿ, ಬೆರಳು ಊರಿ ಓದಲು ಶುರು ಮಾಡಿದಳು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು.

"'ಓಣಿಯ... ಒಬ್ಬ... ವಿದ್ಯಾವಂತ ಯುವಕನು.' ಯಾರಿದು?"

ಗಿಳಿ ಜೇಬಿನ ಹತ್ತಿರದ ಕಲೆಯ ಮೇಲೆ ಕೈಯಿಟ್ಟ.

"ಆಗ ಓಣೀಲಿ ವಿದ್ಯಾವಂತ ಯುವಕರು ಎಷ್ಟು ಜನ ಇದ್ರು?"

"ಒಬ್ಬನೇ."

"ಪೆನ್ನಿದೆಯಾ?"

ಇತ್ತು. ಮೇಜಿನ ಮೇಲೆ ಬಾಗಿ, ಆ ಮಾತುಗಳ ಮೇಲೆ ಗೆರೆ ಎಳೆದು, ಮೇಲೆ 'ನಾನು' ಎಂದು ಬರೆದ. ಅಕ್ಕ ಅದನ್ನು ಓದಿ ನೋಡಿ, ಹೂಂ ಎಂದು, ಬೆರಳನ್ನು ಮುಂದಿನ ಪದಕ್ಕೆ ಸರಿಸಿದಳು. ಕೂರು ಎನ್ನಲಿಲ್ಲ, ಮೂರು ಕಾಲಿನ ಸ್ಟೂಲು ಬಿಟ್ಟರೆ ಅಲ್ಲಿ ಬೇರೆ ಏನೂ ಇರಲಿಲ್ಲ. ಅವನು ನಿಂತೇ ಇದ್ದ. ಇನ್ನೂ ಹೆಚ್ಚೂಕಡಿಮೆ ಎರಡು ಹಾಳೆ ಬಾಕಿ ಇತ್ತು, ಮತ್ತು ಅವಳು ನಿಧಾನವಾಗಿ ಓದುತ್ತಾಳೆ.